ಆಪ್ಟಿಕ್ ನ್ಯೂರೈಟಿಸ್: ದೃಷ್ಟಿನರದ ಉರಿಯೂತದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಮೂರು ದಿನಗಳಲ್ಲಿ ಒಂದು ಕಣ್ಣು ಮಂಜಾಯಿತು, ಕಣ್ಣು ಹೊರಳಿಸಿದರೆ ಒಳಗೆ ನೋಯುತ್ತದೆ ಎಂದು ಬರುವವರಲ್ಲಿ ಹೆಚ್ಚಿನವರು ದುಡಿಯುವ ವಯಸ್ಸಿನವರು. ಅವರೂ ಅವರ ಮನೆಯವರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಆಸ್ಪತ್ರೆಯ ಸರದಿಯಲ್ಲಿ ಅವಕ್ಕೆಲ್ಲ ಬಿಡಿಸಿ ಉತ್ತರಿಸಲು ಬಿಡುವು ಸಿಗುವುದು ಅಪರೂಪ. ಓದಿಕೊಂಡು ಹೋದರೆ ವೈದ್ಯರ ಮುಂದೆ ಸರಿಯಾದ ಪ್ರಶ್ನೆ ಕೇಳಲು ಸಾಧ್ಯವಾಗಲಿ ಎಂದು ಇಲ್ಲಿ ಬರೆದಿದ್ದೇನೆ. ವೈದ್ಯರ ತಪಾಸಣೆಗೆ ಇದು ಬದಲಿಯಲ್ಲ.

ಇದು ಕಣ್ಣಿನ ಕಾಯಿಲೆಯೋ, ಮಿದುಳಿನ ಕಾಯಿಲೆಯೋ?

ಎರಡೂ ಹೌದು. ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ಮೂಡಿದ ಚಿತ್ರವನ್ನು ಮಿದುಳಿಗೆ ಒಯ್ಯುವುದು ದೃಷ್ಟಿನರ. ಸುಮಾರು ಐದು ಸೆಂಟಿಮೀಟರ್ ಉದ್ದದ ಈ ನರದೊಳಗೆ ಹತ್ತು ಹನ್ನೆರಡು ಲಕ್ಷ ಎಳೆಗಳಿವೆ. ಹೆಸರಿಗೆ ನರವಾದರೂ ಇದು ಕೈಕಾಲಿನ ನರಗಳ ಗುಂಪಿಗೆ ಸೇರಿದ್ದಲ್ಲ, ಮಿದುಳಿನದೇ ಒಂದು ಚಾಚು. ಎಳೆಗಳ ಸುತ್ತ ಮೈಲಿನ್ ಎಂಬ ಕೊಬ್ಬಿನಂಶದ ಹೊದಿಕೆ ಇರುತ್ತದೆ. ಸಂಕೇತಗಳು ವೇಗವಾಗಿ ಸಾಗುವುದು ಅದರ ಬಲದಿಂದಲೇ. ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ ತನ್ನದೇ ನರದ ಮೇಲೆ ಎರಗಿದಾಗ ನರ ಊದಿಕೊಳ್ಳುತ್ತದೆ, ಮೈಲಿನ್ ಹಾಳಾಗುತ್ತದೆ, ಸಂಕೇತಗಳು ನಿಧಾನವಾಗುತ್ತವೆ ಅಥವಾ ನಡುವೆಯೇ ನಿಂತುಹೋಗುತ್ತವೆ. ಈ ಉರಿಯೂತವೇ ಆಪ್ಟಿಕ್ ನ್ಯೂರೈಟಿಸ್. ಹಾಗಾಗಿ ಇದಕ್ಕೆ ಕಣ್ಣಿನ ವೈದ್ಯರೂ ಬೇಕು, ನರರೋಗ ತಜ್ಞರೂ ಬೇಕು.

ಶುರುವಾಗುವುದು ಹೇಗೆ?

ಸಾಮಾನ್ಯವಾಗಿ ನೋವಿನಿಂದ. ಕಣ್ಣುಗುಡ್ಡೆಯ ಹಿಂದೆ ಭಾರ, ಅತ್ತಿತ್ತ ನೋಡಿದರೆ ಚುಚ್ಚುವಂಥ ನೋವು. ಹಲವರು ಇದನ್ನು ಸೈನಸ್ ಎಂದೋ ಮೈಗ್ರೇನ್ ಎಂದೋ ತಿಳಿದು ಮಾತ್ರೆ ನುಂಗಿ ಮಲಗುತ್ತಾರೆ. ನೋವಿನ ಜೊತೆಗೆ ಅಥವಾ ಒಂದೆರಡು ದಿನದ ಬಳಿಕ ನೋಟದ ನಡುವೆ ಮಬ್ಬು ಕವಿಯುತ್ತದೆ. ಎದುರಿಗಿರುವವರ ಮುಖ ನೋಡಿದರೆ ಕಿವಿ, ಕೂದಲು ಕಾಣುತ್ತವೆ, ಮೂಗು ಕಣ್ಣು ಕಾಣುವುದಿಲ್ಲ. ಕೆಲವರಿಗೆ ಕತ್ತಲಲ್ಲಿ ಕಣ್ಣು ಹೊರಳಿಸಿದಾಗ ಮಿಂಚಿನಂಥ ಬೆಳಕು ಸುಳಿಯುತ್ತದೆ. ಮಬ್ಬು ಕೆಲವು ಗಂಟೆಗಳಿಂದ ಹಿಡಿದು ಒಂದೆರಡು ವಾರದ ತನಕ ಹೆಚ್ಚುತ್ತಾ ಹೋಗಿ ಅಲ್ಲಿಗೆ ನಿಲ್ಲುತ್ತದೆ.

ಕಣ್ಣು ಪರೀಕ್ಷಿಸಿದವರು ‘ಒಳಗೆಲ್ಲ ಚೆನ್ನಾಗಿದೆ’ ಎಂದರು. ಹಾಗಾದರೆ ಕಾಣದಿರುವುದೇಕೆ?

ಮೂವರು ರೋಗಿಗಳಲ್ಲಿ ಇಬ್ಬರಿಗೆ ಉರಿಯೂತ ಇರುವುದು ಕಣ್ಣುಗುಡ್ಡೆಯ ಹಿಂದೆ, ನರ ಮೂಳೆಯ ಗೂಡಿನೊಳಗೆ ಸಾಗುವ ಜಾಗದಲ್ಲಿ. ಕಣ್ಣಿನೊಳಗೆ ಬೆಳಕು ಬಿಟ್ಟು ನೋಡುವ ವೈದ್ಯರಿಗೆ ಆ ಭಾಗ ಕಾಣುವುದೇ ಇಲ್ಲ. ರೋಗಿಗೂ ಏನೂ ಕಾಣದು, ವೈದ್ಯರಿಗೂ ಏನೂ ಕಾಣದು ಎಂಬುದು ನೇತ್ರವೈದ್ಯರ ನಡುವೆ ಹಳೆಯ ಮಾತು. ಉಳಿದ ಮೂರನೆಯ ಒಂದು ಭಾಗದವರಲ್ಲಿ ಮಾತ್ರ ನರದ ತುದಿ ಊದಿರುವುದು ಕಣ್ಣಿಗೆ ಬೀಳುತ್ತದೆ. ಒಳಗೆಲ್ಲ ಚೆನ್ನಾಗಿದೆ ಎಂಬ ಮಾತು ಅಕ್ಷಿಪಟಲದ ಮಟ್ಟಿಗೆ ನಿಜವಾಗಿರಬಹುದು. ಅದನ್ನು ನಂಬಿ ಮನೆಗೆ ಹೋಗಿ ಕೂರಬೇಡಿ. ಹೊಸ ಕನ್ನಡಕ ಹಾಕಿದರೂ ನೋಟ ತಿಳಿಯಾಗದಿದ್ದರೆ, ನರದ ಕಡೆ ನೋಡಿದ್ದೀರಾ ಎಂದು ಕೇಳಿ.

ಹಾಗಾದರೆ ವೈದ್ಯರು ಕಂಡುಹಿಡಿಯುವುದು ಹೇಗೆ?

ಒಂದು ಟಾರ್ಚ್ ಸಾಕು. ಕೋಣೆಯ ದೀಪ ಆರಿಸಿ, ದೂರಕ್ಕೆ ನೋಡಲು ಹೇಳಿ, ಮೊದಲು ಚೆನ್ನಾಗಿರುವ ಕಣ್ಣಿಗೆ ಬೆಳಕು ಬಿಡುತ್ತಾರೆ. ಎರಡೂ ಪಾಪೆಗಳು ಕುಗ್ಗುತ್ತವೆ. ಟಾರ್ಚನ್ನು ಥಟ್ಟನೆ ಇನ್ನೊಂದು ಕಣ್ಣಿಗೆ ತಿರುಗಿಸಿದಾಗ, ಅಲ್ಲಿ ನರ ಕೆಟ್ಟಿದ್ದರೆ, ಬೆಳಕು ನೇರವಾಗಿ ಬೀಳುತ್ತಿದ್ದರೂ ಪಾಪೆಗಳು ಹಿಗ್ಗುತ್ತವೆ. ಮಿದುಳಿಗೆ ಆ ಕಣ್ಣಿನಿಂದ ಬೆಳಕಿನ ಸುದ್ದಿ ಕಡಿಮೆ ತಲುಪುತ್ತಿದೆ ಎಂದು ಇದರ ಅರ್ಥ. ಎಂಆರ್‌ಐಗಿಂತ ಮೊದಲು, ಒಂದು ನಿಮಿಷದೊಳಗೆ, ಖರ್ಚಿಲ್ಲದೆ ಸಿಗುವ ಗುರುತು ಇದು. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಇದನ್ನು ಮಾಡಲು ಬರುವುದಿಲ್ಲ, ಹನಿಗೆ ಮೊದಲೇ ಮಾಡಬೇಕು. ಎರಡೂ ಕಣ್ಣಿನ ನರ ಒಂದೇ ಮಟ್ಟಕ್ಕೆ ಕೆಟ್ಟಿದ್ದರೆ ಈ ವ್ಯತ್ಯಾಸ ಕಾಣದು ಎಂಬುದನ್ನೂ ನೆನಪಿಡಬೇಕು.

ಮನೆಯಲ್ಲೇ ನೋಡಿಕೊಳ್ಳುವ ದಾರಿ ಇದೆಯೇ?

ಕಡುಗೆಂಪು ಬಣ್ಣದ ಯಾವುದಾದರೂ ವಸ್ತು, ಕುಂಕುಮದ ಭರಣಿಯಾದರೂ ಆದೀತು, ಕಿಟಕಿಯ ಬೆಳಕಿನಲ್ಲಿಟ್ಟು ಒಂದೊಂದೇ ಕಣ್ಣು ಮುಚ್ಚಿ ನೋಡಿ. ನರ ಕೆಟ್ಟ ಕಣ್ಣಿಗೆ ಕೆಂಪು ಒಗೆದು ಒಗೆದು ಬಣ್ಣ ಬಿಟ್ಟ ಬಟ್ಟೆಯಂತೆ ಕಾಣುತ್ತದೆ. ಅಕ್ಷರ ಓದುವ ಶಕ್ತಿ ಹೆಚ್ಚು ಕುಗ್ಗದಿದ್ದವರಲ್ಲೂ ಈ ವ್ಯತ್ಯಾಸ ಸಿಗುತ್ತದೆ. ಇದು ರೋಗನಿರ್ಣಯವಲ್ಲ, ತಡಮಾಡದೆ ತೋರಿಸಿಕೊಳ್ಳಲು ಕಾರಣ, ಅಷ್ಟೆ.

‘ಸಾಮಾನ್ಯ ಬಗೆ’, ‘ಅಸಾಮಾನ್ಯ ಬಗೆ’ ಎಂದು ಬೇರ್ಪಡಿಸುವುದೇಕೆ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಬಿಡುವಿದ್ದರೆ ಇದನ್ನೇ ಓದಿ. ಎರಡರ ದಾರಿಗಳೇ ಬೇರೆ, ಮದ್ದೂ ಬೇರೆ.

ಸಾಮಾನ್ಯ ಬಗೆಯ ಚಿತ್ರ ಹೀಗಿದೆ: 20ರಿಂದ 45ರ ವಯಸ್ಸು, ಹೆಚ್ಚಾಗಿ ಹೆಂಗಸರು, ಒಂದೇ ಕಣ್ಣು, ಕಣ್ಣಾಡಿಸಿದರೆ ನೋವು, ದೃಷ್ಟಿ ಕುಗ್ಗಿದರೂ ಪೂರ್ತಿ ಕತ್ತಲಾಗುವುದಿಲ್ಲ, ನರದ ತುದಿಯಲ್ಲಿ ಊತ ಇಲ್ಲ ಅಥವಾ ತುಸುವೇ ಇದೆ, ಮೂರು ನಾಲ್ಕು ವಾರಗಳಲ್ಲಿ ತಾನಾಗಿಯೇ ಚೇತರಿಕೆ ಶುರು. ಇದು ಒಂದೋ ಒಂಟಿಯಾಗಿ ಬಂದು ಹೋಗುತ್ತದೆ, ಇಲ್ಲವೇ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಮಿದುಳು ಬೆನ್ನುಹುರಿಗಳಲ್ಲಿ ಅಲ್ಲಲ್ಲಿ ಮೈಲಿನ್ ಹಾಳಾಗುವ ಎಂಎಸ್ ಕಾಯಿಲೆಯ ಮೊದಲ ಸುಳಿವಾಗಿರುತ್ತದೆ.

ಈ ಚಿತ್ರದಿಂದ ಹೊರಗುಳಿಯುವುದೆಲ್ಲ ಅಸಾಮಾನ್ಯ. ಎರಡೂ ಕಣ್ಣು ಒಟ್ಟಿಗೆ ಅಥವಾ ಬೆನ್ನುಬೆನ್ನಿಗೆ ಕೆಡುವುದು. ಬೆಳಕೂ ತಿಳಿಯದಷ್ಟು ಕುರುಡಾಗುವುದು. ನೋವೇ ಇಲ್ಲದಿರುವುದು, ಇಲ್ಲವೇ ನಿದ್ದೆಗೆಡಿಸುವಷ್ಟು ನೋವಿರುವುದು. ನರದ ತುದಿ ತುಂಬಾ ಊದಿ ಸುತ್ತ ರಕ್ತಸ್ರಾವ ಇರುವುದು. ಎರಡು ವಾರ ದಾಟಿದರೂ ಕುಸಿತ ನಿಲ್ಲದಿರುವುದು. ಐದು ವಾರವಾದರೂ ಸುಧಾರಣೆಯ ಸುಳಿವಿಲ್ಲದಿರುವುದು. ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಮದ್ದು ಕೊಟ್ಟಾಗ ಚೆನ್ನಾಗಿ, ಇಳಿಸಿದೊಡನೆ ಮತ್ತೆ ಕೆಡುವುದು. ವಯಸ್ಸು 12ಕ್ಕಿಂತ ಕಡಿಮೆ ಅಥವಾ 50ಕ್ಕಿಂತ ಹೆಚ್ಚು ಇರುವುದು. ಇವುಗಳಲ್ಲಿ ಒಂದಿದ್ದರೂ ‘ನೋಡೋಣ, ತಾನಾಗಿ ಸರಿಹೋಗುತ್ತದೆ’ ಎನ್ನುವಂತಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಪಠ್ಯಪುಸ್ತಕದ ಆ ಸಾಮಾನ್ಯ ಚಿತ್ರ ಮೂಡಿದ್ದು ಬಹುಮಟ್ಟಿಗೆ ಅಮೆರಿಕ, ಯುರೋಪಿನ ಬಿಳಿಯರನ್ನು ನೋಡಿ. ನಮ್ಮ ದೇಶದ ಆಸ್ಪತ್ರೆಗಳ ಅನುಭವದಲ್ಲಿ ಎಂಎಸ್‌ನ ಪಾಲು ಅಲ್ಲಿಗಿಂತ ಕಡಿಮೆ, ಪ್ರತಿಕಾಯಗಳಿಂದ, ಅಂದರೆ ರಕ್ಷಣಾ ವ್ಯವಸ್ಥೆ ರಕ್ತದಲ್ಲಿ ಬಿಡುವ ದಾಳಿಯ ಪ್ರೋಟೀನುಗಳಿಂದ ಬರುವ ಬಗೆಗಳ ಪಾಲು ಹೆಚ್ಚು. ಅಲ್ಲಿ ಅಪರೂಪವೆನಿಸುವುದು ಇಲ್ಲಿ ಅಷ್ಟು ಅಪರೂಪವಲ್ಲ.

ಪ್ರತಿಕಾಯದ ಬಗೆಗಳು ಯಾವುವು?

ಮುಖ್ಯವಾಗಿ ಎರಡು.

ಮೊದಲನೆಯದು ನ್ಯೂರೋಮೈಲೈಟಿಸ್ ಆಪ್ಟಿಕಾ, ಚಿಕ್ಕದಾಗಿ ಎನ್‌ಎಂಒ. 1894ರಲ್ಲಿ ಫ್ರಾನ್ಸಿನ ವೈದ್ಯ ಯೂಜೀನ್ ಡೆವಿಕ್ ಇದನ್ನು ವಿವರಿಸಿದರು. ಒಂದು ಶತಮಾನದಷ್ಟು ಕಾಲ ಇದನ್ನು ಎಂಎಸ್‌ನದೇ ಒಂದು ರೂಪ ಎಂದು ತಿಳಿಯಲಾಗಿತ್ತು. 2004ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಸಂಶೋಧಕರು ಇದಕ್ಕೇ ವಿಶಿಷ್ಟವಾದ ಪ್ರತಿಕಾಯವೊಂದನ್ನು ರಕ್ತದಲ್ಲಿ ಪತ್ತೆಹಚ್ಚಿದರು. ಅದು ಅಕ್ವಾಪೊರಿನ್-4 ಎಂಬ ನೀರಿನ ಕಾಲುವೆಯ ಪ್ರೋಟೀನಿನ ಮೇಲೆ ದಾಳಿ ಮಾಡುತ್ತದೆ ಎಂದು ಮರುವರ್ಷ ತಿಳಿಯಿತು. ರೋಗಿಗಳಲ್ಲಿ ಹೆಂಗಸರೇ ಬಹಳ ಹೆಚ್ಚು. ದೃಷ್ಟಿ ತೀವ್ರವಾಗಿ ಕುಸಿಯುತ್ತದೆ, ಬೆನ್ನುಹುರಿಗೂ ಪೆಟ್ಟು ಬಿದ್ದು ಕಾಲುಗಳು ಸೋಲುತ್ತವೆ, ಮೂತ್ರ ಕಟ್ಟುತ್ತದೆ. ದಿನಗಟ್ಟಲೆ ನಿಲ್ಲದ ಬಿಕ್ಕಳಿಕೆ, ವಾಂತಿ ಕೂಡ ಇದರ ಗುರುತು. ಮಿದುಳಿನ ಕಾಂಡದಲ್ಲಿ ವಾಂತಿಯನ್ನು ನಿಯಂತ್ರಿಸುವ ಜಾಗಕ್ಕೂ ಈ ಪ್ರತಿಕಾಯ ತಾಗುವುದರಿಂದ ಹೀಗಾಗುತ್ತದೆ. ಹೊಟ್ಟೆಯ ತೊಂದರೆ ಎಂದು ಎಂಡೋಸ್ಕೋಪಿ ಮಾಡಿಸಿಕೊಂಡು, ಕೆಲವು ತಿಂಗಳ ಬಳಿಕ ಕಣ್ಣು ಕಾಣದೆ ಬರುವವರಿದ್ದಾರೆ. ಆ ಹಳೆಯ ಬಿಕ್ಕಳಿಕೆಯ ಸಂಗತಿ ಕೇಳದಿದ್ದರೆ ಯಾರೂ ಹೇಳುವುದಿಲ್ಲ. ನಿಮಗೆ ಹಾಗಾಗಿದ್ದರೆ ಕೇಳುವ ಮೊದಲೇ ಹೇಳಿ.

ಎರಡನೆಯದು ಮಾಗ್ ಪ್ರತಿಕಾಯದ ಕಾಯಿಲೆ. ಮೈಲಿನ್‌ನ ಹೊರಮೈಯಲ್ಲಿರುವ ಪ್ರೋಟೀನ್ ಒಂದರ ವಿರುದ್ಧ ಈ ಪ್ರತಿಕಾಯ ಕೆಲಸ ಮಾಡುತ್ತದೆ. ಮಕ್ಕಳಲ್ಲೂ ದೊಡ್ಡವರಲ್ಲೂ, ಗಂಡಸರಲ್ಲೂ ಹೆಂಗಸರಲ್ಲೂ ಹೆಚ್ಚುಕಡಿಮೆ ಸಮನಾಗಿ ಕಾಣುತ್ತದೆ. ಎರಡೂ ಕಣ್ಣು ಒಟ್ಟಿಗೆ ಕೆಡುವುದು, ನರದ ತುದಿ ಎದ್ದು ಕಾಣುವಷ್ಟು ಊದುವುದು, ಮುಂಚೆ ತಲೆನೋವು ಬರುವುದು ಇದರ ರೀತಿ. ಸ್ಟೀರಾಯ್ಡ್‌ಗೆ ಚೆನ್ನಾಗಿ ಬಗ್ಗುತ್ತದೆ. ಬೇಗ ಇಳಿಸಿದರೆ ಮರುಕಳಿಸುತ್ತದೆ. ದೃಷ್ಟಿಯ ಚೇತರಿಕೆ ಎನ್‌ಎಂಒಗಿಂತ ಒಳ್ಳೆಯದು. ಇದರ ಅಂತರರಾಷ್ಟ್ರೀಯ ರೋಗನಿರ್ಣಯ ಮಾನದಂಡಗಳು ಪ್ರಕಟವಾದದ್ದು 2023ರಲ್ಲಿ, ಅಷ್ಟು ಹೊಸ ತಿಳಿವಳಿಕೆ ಇದು.

ಬೇರೆ ಯಾವ ಕಾಯಿಲೆಗಳು ಇದೇ ವೇಷದಲ್ಲಿ ಬರುತ್ತವೆ?

ಕ್ಷಯ, ಸಿಫಿಲಿಸ್‌ನಂಥ ಸೋಂಕುಗಳು, ದೇಹದ ಹಲವು ಅಂಗಗಳಲ್ಲಿ ಉರಿಯೂತ ತರುವ ಸಾರ್ಕಾಯ್ಡೋಸಿಸ್, ಲೂಪಸ್ ನರದಲ್ಲೂ ಉರಿಯೂತ ತರಬಲ್ಲವು. 50 ದಾಟಿದ, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರಲ್ಲಿ ಬೆಳಿಗ್ಗೆ ಏಳುವಾಗ ನೋವಿಲ್ಲದೆ ನೋಟದ ಅರ್ಧಭಾಗ ಮಂಜಾಗಿದ್ದರೆ ಅದು ಹೆಚ್ಚಾಗಿ ನರಕ್ಕೆ ರಕ್ತ ಸಾಲದೆ ಆದ ತೊಂದರೆ. ಹದಿಹರೆಯದ ಅಥವಾ ಇಪ್ಪತ್ತರ ಹುಡುಗನಿಗೆ ನೋವಿಲ್ಲದೆ ಒಂದು ಕಣ್ಣು, ಕೆಲವು ವಾರಗಳಲ್ಲಿ ಇನ್ನೊಂದು ಕಣ್ಣು ಹೋದರೆ, ತಾಯಿಯ ಕಡೆಯಿಂದ ಬರುವ ಲೆಬರ್ ಎಂಬ ಆನುವಂಶಿಕ ಕಾಯಿಲೆಯನ್ನು ಯೋಚಿಸಬೇಕು. ನರವನ್ನು ಒತ್ತುವ ಗಡ್ಡೆ ನಿಧಾನವಾಗಿ ಕೆಡಿಸುತ್ತದೆ.

ನಮ್ಮಲ್ಲಿ ಮರೆಯಲೇಬಾರದ ಕಾರಣ ಕ್ಷಯದ ಮಾತ್ರೆ ಎಥಾಂಬುಟಾಲ್. ಸರ್ಕಾರಿ ಚಿಕಿತ್ಸೆಯಲ್ಲಿ ಇದು ಇದ್ದೇ ಇರುತ್ತದೆ ಮತ್ತು ಬಹುತೇಕರಿಗೆ ಏನೂ ಆಗುವುದಿಲ್ಲ. ಕೆಲವರಿಗೆ, ಅದರಲ್ಲೂ ಮೂತ್ರಪಿಂಡ ದುರ್ಬಲವಾಗಿರುವವರಿಗೆ, ತಿಂಗಳುಗಳ ಬಳಿಕ ಎರಡೂ ಕಣ್ಣು ನೋವಿಲ್ಲದೆ ಮಂಜಾಗುತ್ತವೆ, ಬಣ್ಣ ಗುರುತಿಸುವುದು ಕಷ್ಟವಾಗುತ್ತದೆ. ಇಲ್ಲಿ ಸ್ಟೀರಾಯ್ಡ್‌ಗೆ ಕೆಲಸವಿಲ್ಲ. ವೈದ್ಯರ ಸಲಹೆಯಂತೆ ಆ ಒಂದು ಮಾತ್ರೆ ನಿಲ್ಲಿಸಬೇಕು. ಆದರೆ ಕ್ಷಯದ ಮದ್ದನ್ನೆಲ್ಲ ನೀವಾಗಿಯೇ ಬಿಟ್ಟುಬಿಡಬೇಡಿ. ಕಲಬೆರಕೆ ಮದ್ಯದಲ್ಲಿನ ಮೆಥನಾಲ್ ಒಂದೆರಡು ದಿನಗಳಲ್ಲೇ ಎರಡೂ ನರಗಳನ್ನು ಸುಡುತ್ತದೆ. ಬಿ12 ಕೊರತೆಯೂ ನರವನ್ನು ಸೊರಗಿಸುತ್ತದೆ. ಹಾಲು ಮೊಸರು ಕೂಡ ಹೆಚ್ಚು ಸೇವಿಸದ ಸಸ್ಯಾಹಾರಿಗಳು ಗಮನಿಸಬೇಕು.

ಯಾವ ಪರೀಕ್ಷೆಗಳು ಬೇಕು?

ಕಣ್ಣಿನ ಗೂಡು ಮತ್ತು ಮಿದುಳಿನ ಎಂಆರ್‌ಐ, ಕಾಂಟ್ರಾಸ್ಟ್ (ಉರಿಯೂತ ಎದ್ದು ಕಾಣಲು ರಕ್ತನಾಳಕ್ಕೆ ಚುಚ್ಚುವ ದ್ರವ) ಹಾಕಿ. ‘ಮಿದುಳು ಮಾತ್ರ’ ಎಂದು ಚೀಟಿ ಬರೆದರೆ ನರ ಸರಿಯಾಗಿ ಕಾಣದೆ ಮತ್ತೊಮ್ಮೆ ಹಣ ಕಟ್ಟಬೇಕಾದೀತು. ಸ್ಕ್ಯಾನ್‌ಗೆ ಮೊದಲೇ ಚೀಟಿ ಓದಿ ಕೇಳಿಕೊಳ್ಳಿ. ನರದ ಎಷ್ಟು ಉದ್ದ ಊದಿದೆ, ಎರಡು ನರಗಳು ಕೂಡುವ ಜಾಗಕ್ಕೂ ಹಬ್ಬಿದೆಯೇ, ನರದ ಸುತ್ತಲ ಪೊರೆಗೂ ಉರಿಯೂತ ತಗುಲಿದೆಯೇ ಎಂಬುದರ ಮೇಲೆ ಬಗೆಯ ಅಂದಾಜು ನಿಂತಿರುತ್ತದೆ. ಕೈಕಾಲು ಜೋಮು, ಬಲಹೀನತೆ ಇದ್ದರೆ ಬೆನ್ನುಹುರಿಯ ಸ್ಕ್ಯಾನ್ ಕೂಡ ಬೇಕು. ಒಸಿಟಿ ಎಂಬ ನೋವಿಲ್ಲದ ಸ್ಕ್ಯಾನ್ ನರದ ಎಳೆಗಳ ದಪ್ಪ ಅಳೆಯುತ್ತದೆ. ವಿಇಪಿ ಸಂಕೇತ ಮಿದುಳು ತಲುಪಲು ಹಿಡಿಯುವ ಸಮಯ ಅಳೆಯುತ್ತದೆ.

ಪ್ರತಿಕಾಯದ ಪರೀಕ್ಷೆಗೆ ರಕ್ತ ಸಾಕು. ಜೀವಕೋಶಗಳನ್ನು ಬಳಸಿ ಮಾಡುವ ವಿಧಾನವೇ ಹೆಚ್ಚು ನಂಬಲರ್ಹ, ಎಲೈಸಾ ಎಂಬ ಇನ್ನೊಂದು ವಿಧಾನ ಅಷ್ಟು ಖಚಿತವಲ್ಲ. ಪರೀಕ್ಷೆಯ ರಕ್ತವನ್ನು ಪ್ಲಾಸ್ಮಾ ಬದಲಾವಣೆಗೆ (ಈ ಚಿಕಿತ್ಸೆಯ ವಿವರ ಮುಂದೆ ಇದೆ) ಮೊದಲೇ ತೆಗೆದಿಡಬೇಕು. ಈ ವಿಷಯದಲ್ಲಿ ಕರ್ನಾಟಕಕ್ಕೆ ಹೆಮ್ಮೆಯ ಸಂಗತಿಯೊಂದಿದೆ: ಮಂಗಳೂರಿನ ದೇರಳಕಟ್ಟೆಯ ಕೆ. ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ ಡಾ. ಲೇಖಾ ಪಂಡಿತ್ ಅವರ ತಂಡ ಇಂಥ ಕಾಯಿಲೆಗಳ ನೋಂದಣಿಯನ್ನು ಕಟ್ಟಿ, ಜೀವಕೋಶ ವಿಧಾನದ ಪರೀಕ್ಷೆಯನ್ನು ಅಲ್ಲೇ ರೂಪಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಕಾಯಿಲೆಗಳ ಅನುಭವ ದೊಡ್ಡದು. ವರದಿ ಬರಲು ದಿನಗಳು ಹಿಡಿಯಬಹುದು. ಅದಕ್ಕಾಗಿ ಚಿಕಿತ್ಸೆ ಕಾಯಬಾರದು.

ಸ್ಟೀರಾಯ್ಡ್ ಡ್ರಿಪ್ ಹಾಕಿಸಲೇಬೇಕೇ?

ಬಗೆಯ ಮೇಲೆ ಹೋಗುತ್ತದೆ. 1988ರಿಂದ 1991ರವರೆಗೆ ಅಮೆರಿಕದ 15 ಕೇಂದ್ರಗಳಲ್ಲಿ 457 ರೋಗಿಗಳನ್ನು ಸೇರಿಸಿಕೊಂಡು ನಡೆಸಿದ ಆಪ್ಟಿಕ್ ನ್ಯೂರೈಟಿಸ್ ಚಿಕಿತ್ಸಾ ಪ್ರಯೋಗ ಈ ಪ್ರಶ್ನೆಯನ್ನೇ ಎತ್ತಿಕೊಂಡಿತ್ತು. ಒಂದು ಗುಂಪಿಗೆ ರಕ್ತನಾಳದ ಮೂಲಕ ಮೀಥೈಲ್‌ಪ್ರೆಡ್ನಿಸೊಲೋನ್, ಇನ್ನೊಂದಕ್ಕೆ ಕಡಿಮೆ ಪ್ರಮಾಣದ ಪ್ರೆಡ್ನಿಸೋನ್ ಮಾತ್ರೆ, ಮೂರನೆಯದಕ್ಕೆ ಹುಸಿ ಮಾತ್ರೆ. ಡ್ರಿಪ್ ಪಡೆದವರು ಬೇಗ ಚೇತರಿಸಿಕೊಂಡರು, ಆದರೆ ವರ್ಷದ ಕೊನೆಗೆ ಮೂರೂ ಗುಂಪಿನವರ ದೃಷ್ಟಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಹಾಗಾಗಿ ಖಚಿತವಾಗಿ ಸಾಮಾನ್ಯ ಬಗೆಯೇ ಆಗಿದ್ದರೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು ಡ್ರಿಪ್ ಬೇಡವೆಂದು ತೀರ್ಮಾನಿಸಿದರೂ ತಪ್ಪಿಲ್ಲ.

ಆದರೆ ಆ ಪ್ರಯೋಗ ನಡೆದಾಗ ಅಕ್ವಾಪೊರಿನ್, ಮಾಗ್ ಪ್ರತಿಕಾಯಗಳ ಪರೀಕ್ಷೆಯೇ ಇರಲಿಲ್ಲ, ಸೇರಿದವರಲ್ಲಿ ಬಹುಪಾಲು ಬಿಳಿಯರು. ಎನ್‌ಎಂಒದಲ್ಲಿ ತಡವಾದ ಒಂದೊಂದು ದಿನಕ್ಕೂ ದೃಷ್ಟಿಯ ರೂಪದಲ್ಲಿ ಬೆಲೆ ತೆರಬೇಕಾಗುತ್ತದೆ. ಬಗೆ ಯಾವುದೆಂದು ಗೊತ್ತಿಲ್ಲದಿರುವಾಗ, ನಮ್ಮ ಜನರಲ್ಲಿ, ಡ್ರಿಪ್ ಬೇಗ ಶುರುಮಾಡುವ ಕಡೆಗೇ ನನ್ನ ಒಲವು. ದಿನಕ್ಕೆ ಒಂದು ಗ್ರಾಂನಂತೆ ಮೂರರಿಂದ ಐದು ದಿನ ಕೊಡುವುದು ರೂಢಿ.

ಮೆಡಿಕಲ್ ಶಾಪ್‌ನಲ್ಲಿ ಸಿಗುವ ಸ್ಟೀರಾಯ್ಡ್ ಮಾತ್ರೆ ಸಾಲದೇ?

ಸಾಲದು ಮಾತ್ರವಲ್ಲ, ಕೇಡು. ಮೇಲೆ ಹೇಳಿದ ಪ್ರಯೋಗದಲ್ಲಿ ಕಡಿಮೆ ಪ್ರಮಾಣದ ಮಾತ್ರೆಯನ್ನಷ್ಟೇ ಪಡೆದವರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚಾಯಿತು. ಡ್ರಿಪ್‌ಗೆ ಸಮನಾದ ಭಾರಿ ಪ್ರಮಾಣವನ್ನು ಬಾಯಿಯ ಮೂಲಕ ಕೊಟ್ಟರೆ ಫಲ ಸಮನಾಗಿರುತ್ತದೆ ಎಂದು ನಂತರದ ಅಧ್ಯಯನಗಳು ತೋರಿಸಿವೆ. ಆದರೆ ಅದು ವೈದ್ಯರ ನಿಗಾದಲ್ಲಿ ಆಗಬೇಕಾದ ಕೆಲಸ.

ಸ್ಟೀರಾಯ್ಡ್ ಎಂದರೆ ಭಯ. ಏನೇನಾಗುತ್ತದೆ?

ಮೂರು ದಿನದ ಡ್ರಿಪ್‌ಗೆ ಬಾಯಲ್ಲಿ ಲೋಹದ ರುಚಿ, ಮುಖ ಕೆಂಪಾಗುವುದು, ನಿದ್ದೆ ಬಾರದಿರುವುದು, ಸಿಡುಕು, ಹೊಟ್ಟೆ ಉರಿ, ಸಕ್ಕರೆ ಮತ್ತು ರಕ್ತದೊತ್ತಡ ಏರುವುದು ಸಾಮಾನ್ಯ. ಹೆಚ್ಚಿನವು ವಾರದಲ್ಲಿ ಇಳಿಯುತ್ತವೆ. ಮೊದಲೇ ಎದೆಯ ಎಕ್ಸ್‌ರೇ, ಸಕ್ಕರೆ, ಸೋಂಕಿನ ಪರೀಕ್ಷೆ ಮಾಡಿಸುವುದು ಒಳಗಿನ ಕ್ಷಯ ಕೆರಳದಿರಲಿ ಎಂದು. ತಿಂಗಳುಗಟ್ಟಲೆ ಮಾತ್ರೆ ನಡೆದಾಗ ತೂಕ, ಮೂಳೆ ಸವೆತ, ಕಣ್ಣಿನ ಪೊರೆ, ಕಣ್ಣಿನ ಒತ್ತಡದ ಚಿಂತೆ ಇರುತ್ತದೆ. ಸೊಂಟದ ಕೀಲಿನಲ್ಲಿ ಹೊಸ ನೋವು ಕಂಡರೆ ಕಡೆಗಣಿಸಬೇಡಿ. ದೀರ್ಘಕಾಲ ತೆಗೆದುಕೊಳ್ಳುತ್ತಿದ್ದ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸುವುದು ಅಪಾಯ.

ಡ್ರಿಪ್ ಮುಗಿದರೂ ಕಾಣುತ್ತಿಲ್ಲ. ಮುಂದೇನು?

ತೀವ್ರವಾಗಿ ಕೆಟ್ಟ ಕಣ್ಣು ಸ್ಟೀರಾಯ್ಡ್‌ಗೆ ಬಗ್ಗದಿದ್ದರೆ ಪ್ಲಾಸ್ಮಾ ಬದಲಾವಣೆ: ರಕ್ತವನ್ನು ಯಂತ್ರದ ಮೂಲಕ ಹಾಯಿಸಿ, ಪ್ರತಿಕಾಯ ತುಂಬಿದ ದ್ರವಭಾಗವನ್ನು ತೆಗೆದು, ಬದಲಿ ದ್ರವ ಸೇರಿಸುತ್ತಾರೆ. ಸಾಮಾನ್ಯವಾಗಿ ದಿನ ಬಿಟ್ಟು ದಿನ, ಐದರಿಂದ ಏಳು ಬಾರಿ. ದುಬಾರಿ, ನಿಜ. ಆದರೆ ತಿಂಗಳ ಬಳಿಕ ಮಾಡಿಸುವುದಕ್ಕೂ ಮೊದಲ ದಿನಗಳಲ್ಲೇ ಮಾಡಿಸುವುದಕ್ಕೂ ಫಲದಲ್ಲಿ ಅಜಗಜಾಂತರ. ಈ ಸೌಲಭ್ಯವಿಲ್ಲದ ಊರಿನಲ್ಲಿದ್ದರೆ, ಬೇಗ ದೊಡ್ಡ ಆಸ್ಪತ್ರೆಗೆ ಕಳುಹಿಸಿಕೊಡಿ ಎಂದು ಸಂಕೋಚವಿಲ್ಲದೆ ಕೇಳಿ. ಮಾಗ್ ಬಗೆಯಲ್ಲಿ, ಅದರಲ್ಲೂ ಮಕ್ಕಳಿಗೆ, ಇಮ್ಯುನೊಗ್ಲೋಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಮದ್ದು) ಕೊಡುವುದೂ ಉಂಟು.

ನೋಟ ಮರಳಲು ಎಷ್ಟು ಕಾಲ ಬೇಕು?

ಸಾಮಾನ್ಯ ಬಗೆಯಲ್ಲಿ ನೋವು ವಾರದಲ್ಲಿ ಕಡಿಮೆಯಾಗುತ್ತದೆ. ಚಿಕಿತ್ಸೆ ಇಲ್ಲದಿದ್ದರೂ ಹತ್ತರಲ್ಲಿ ಸುಮಾರು ಎಂಟು ಮಂದಿಗೆ ಮೂರು ವಾರದೊಳಗೆ, ಒಂಬತ್ತಕ್ಕೂ ಹೆಚ್ಚು ಮಂದಿಗೆ ಐದು ವಾರದೊಳಗೆ ಸುಧಾರಣೆ ಶುರುವಾಗುತ್ತದೆ. ದೊಡ್ಡ ಪಾಲು ಮೊದಲ ಎರಡು ತಿಂಗಳಲ್ಲಿ ಬರುತ್ತದೆ, ಉಳಿದದ್ದು ವರ್ಷದ ತನಕ ತುಸು ತುಸುವಾಗಿ. ಆ ಅಮೆರಿಕನ್ ಪ್ರಯೋಗದವರನ್ನು 15 ವರ್ಷದ ಬಳಿಕ ನೋಡಿದಾಗ, ಪೆಟ್ಟು ತಿಂದ ಕಣ್ಣಿನಲ್ಲೂ 72 ಶೇಕಡ ಮಂದಿ 6/6 ಸಾಲನ್ನು, ಅಂದರೆ ಸಹಜ ದೃಷ್ಟಿಯವರು ಓದುವ ಸಾಲನ್ನು, ಓದುತ್ತಿದ್ದರು. ದಿನಕ್ಕೆ ಹತ್ತು ಸಲ ಕಣ್ಣು ಮುಚ್ಚಿ ತೆರೆದು ಅಳೆಯುವುದರಿಂದ ಆತಂಕ ಹೆಚ್ಚುತ್ತದೆ, ಬೇರೇನಿಲ್ಲ. ವಾರಕ್ಕೊಮ್ಮೆ ಅದೇ ಕ್ಯಾಲೆಂಡರ್, ಅದೇ ದೂರ, ಅದೇ ಬೆಳಕಿನಲ್ಲಿ ನೋಡಿ ಬರೆದಿಡಿ.

6/6 ಓದುತ್ತೇನೆ, ಆದರೂ ‘ಮೊದಲಿನಂತಿಲ್ಲ’. ಇದು ನನ್ನ ಭ್ರಮೆಯೇ?

ಖಂಡಿತ ಅಲ್ಲ. ಹೀಗೆ ಹೇಳುವವರನ್ನು ‘ಎಲ್ಲ ಸರಿಯಾಗಿದೆ’ ಎಂದು ಕಳುಹಿಸಿಬಿಡುವುದು ನನಗೆ ತುಂಬಾ ಬೇಸರ ತರುವ ಸಂಗತಿ. ಗೋಡೆಯ ಪಟ್ಟಿಯಲ್ಲಿರುವುದು ಬಿಳಿಯ ಮೇಲೆ ಕಡುಗಪ್ಪು ಅಕ್ಷರ. ಬದುಕಿನಲ್ಲಿ ನೋಡಬೇಕಾದದ್ದು ಮುಸ್ಸಂಜೆಯಲ್ಲಿ ಬೂದು ರಸ್ತೆಯ ಮೇಲಿನ ಬೂದು ಗುಂಡಿ, ಅನ್ನದಲ್ಲಿನ ಕಲ್ಲು, ಮಂದ ಬೆಳಕಿನ ಮೆಟ್ಟಿಲಿನ ಅಂಚು. ಅದಕ್ಕೆ ಬೇಕಾದ ಸೂಕ್ಷ್ಮ ವ್ಯತ್ಯಾಸ ಗ್ರಹಿಸುವ ಶಕ್ತಿಯೂ ಬಣ್ಣದ ಗಾಢತೆಯೂ ಪೂರ್ತಿ ಮರಳದಿರಬಹುದು. ಒಂದು ಕಣ್ಣಿನ ಸಂಕೇತ ತಡವಾಗಿ ತಲುಪುವುದರಿಂದ ಎದುರಿನಿಂದ ಬರುವ ವಾಹನದ ದಾರಿ ವಕ್ರವಾಗಿ ಕಂಡು ಅಂತರದ ಅಂದಾಜು ತಪ್ಪುವುದೂ ಉಂಟು. ಇದಕ್ಕೆ ಪುಲ್‌ಫ್ರಿಕ್ ಪರಿಣಾಮ ಎಂಬ ಹೆಸರೇ ಇದೆ. ಕಾಂಟ್ರಾಸ್ಟ್ ಪರೀಕ್ಷೆ, ಬಣ್ಣದ ಪರೀಕ್ಷೆ, ಒಸಿಟಿ ಮಾಡಿಸಿದರೆ ನೀವು ಹೇಳುತ್ತಿರುವುದು ಕಾಗದದ ಮೇಲೂ ಕಾಣುತ್ತದೆ.

ಬಿಸಿನೀರಿನ ಸ್ನಾನ ಮಾಡಿದಾಗ, ಬಿಸಿಲಲ್ಲಿ ನಡೆದಾಗ ಮತ್ತೆ ಮಂಜಾಗುತ್ತದೆ. ಮರುಕಳಿಸಿತೇ?

ಇಲ್ಲ. ಮೈ ಬಿಸಿಯಾದಾಗ ಮೈಲಿನ್ ಕಳೆದುಕೊಂಡ ಎಳೆಗಳಲ್ಲಿ ಸಂಕೇತ ಸಾಗುವುದು ಇನ್ನಷ್ಟು ಕಷ್ಟವಾಗುತ್ತದೆ. ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಊಟ್‌ಹೋಫ್ 1890ರಲ್ಲಿ ಇದನ್ನು ದಾಖಲಿಸಿದರು. ತಂಪಾದ ಜಾಗದಲ್ಲಿ ಕೂತರೆ ನಿಮಿಷಗಳಲ್ಲಿ, ಹೆಚ್ಚೆಂದರೆ ಗಂಟೆಯೊಳಗೆ ಸರಿಹೋಗುತ್ತದೆ. ನರಕ್ಕೆ ಹೊಸ ಹಾನಿ ಆಗುವುದಿಲ್ಲ. ವ್ಯಾಯಾಮ ಬಿಡಬೇಕಿಲ್ಲ. ಬೆಳಗಿನ ತಂಪಿನಲ್ಲಿ ನಡೆಯಿರಿ, ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿ. 24 ಗಂಟೆ ದಾಟಿದರೂ ಮಂಜು ಇಳಿಯದಿದ್ದರೆ, ಜೊತೆಗೆ ನೋವಿದ್ದರೆ, ಆಗ ಅದು ಬೇರೆ ಮಾತು.

ನನಗೆ ಎಂಎಸ್ ಬಂದೇ ಬರುತ್ತದೆಯೇ?

ಬಂದೇ ಬರುತ್ತದೆ ಎಂದೇನಿಲ್ಲ. ಮೊದಲ ಎಂಆರ್‌ಐಯಲ್ಲಿ ಮಿದುಳಿನ ಬಿಳಿಭಾಗದಲ್ಲಿ ಕಲೆಗಳಿವೆಯೇ ಎಂಬುದೇ ಮುಖ್ಯ. ಅಮೆರಿಕದ ಆ ಪ್ರಯೋಗದಲ್ಲಿ ಕಲೆ ಇಲ್ಲದವರಲ್ಲಿ 15 ವರ್ಷಗಳಲ್ಲಿ 25 ಶೇಕಡ ಮಂದಿಗೆ ಎಂಎಸ್ ಬಂತು. ಒಂದಾದರೂ ಕಲೆ ಇದ್ದವರಲ್ಲಿ 72 ಶೇಕಡ ಮಂದಿಗೆ. ನಮ್ಮ ಜನರ ಮೇಲೆ ಈ ಅಂಕಿಗಳನ್ನು ಹಾಗೆಯೇ ಹೊರಿಸುವುದು ಸರಿಯಲ್ಲ. ಎಂಎಸ್ ಎಂದು ಖಚಿತವಾದರೂ ಇಂದು ಅದರ ವೇಗ ತಗ್ಗಿಸುವ ಹಲವು ಔಷಧಗಳಿವೆ, ಬೇಗ ಶುರುಮಾಡಿದಷ್ಟು ಒಳ್ಳೆಯದು.

ಆದರೆ ಎಚ್ಚರ: ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್, ಫಿಂಗೊಲಿಮೋಡ್, ನ್ಯಾಟಲಿಜುಮ್ಯಾಬ್‌ನಂಥ ಮದ್ದುಗಳು ಎನ್‌ಎಂಒ ಇರುವವರಲ್ಲಿ ಕಾಯಿಲೆಯನ್ನು ಕೆರಳಿಸಬಲ್ಲವು. ಅಸಾಮಾನ್ಯ ಲಕ್ಷಣವಿರುವವರು ಪ್ರತಿಕಾಯದ ವರದಿ ನೋಡದೆ ಎಂಎಸ್ ಮದ್ದು ಶುರುಮಾಡಬಾರದು ಎನ್ನುವುದು ಅದಕ್ಕೇ. ಎನ್‌ಎಂಒಗೆ ಒಂದೇ ದಾಳಿಯಾದರೂ ದೀರ್ಘಕಾಲದ ಮದ್ದು ಬೇಕು: ರಿಟುಕ್ಸಿಮ್ಯಾಬ್, ಮೈಕೊಫಿನೋಲೇಟ್, ಅಜಥಿಯೊಪ್ರಿನ್ ನಮ್ಮಲ್ಲಿ ಬಳಕೆಯಲ್ಲಿವೆ. 2020ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗದಲ್ಲಿ ರಿಟುಕ್ಸಿಮ್ಯಾಬ್ ಪಡೆದ 19 ಮಂದಿಯಲ್ಲಿ ಒಬ್ಬರಿಗೂ ಮರುಕಳಿಸಲಿಲ್ಲ. ಹುಸಿ ಮದ್ದು ಪಡೆದ 19ರಲ್ಲಿ ಏಳು ಮಂದಿಗೆ ಮರುಕಳಿಸಿತು. ಮಾಗ್ ಬಗೆಯಲ್ಲಿ ಅನೇಕರಿಗೆ ಒಂದೇ ದಾಳಿಗೆ ಮುಗಿಯುವುದರಿಂದ, ಸಾಮಾನ್ಯವಾಗಿ ಎರಡನೆಯ ದಾಳಿಯ ಬಳಿಕವೇ ದೀರ್ಘ ಮದ್ದಿನ ಯೋಚನೆ.

ಮಕ್ಕಳಿಗೂ ಬರುತ್ತದೆಯೇ?

ಬರುತ್ತದೆ, ಹೆಚ್ಚಾಗಿ ಜ್ವರ ನೆಗಡಿಯ ಬೆನ್ನಿಗೆ, ಎರಡೂ ಕಣ್ಣಿಗೆ, ನರದ ತುದಿ ಊದಿ. ಮಾಗ್ ಪ್ರತಿಕಾಯ ಇವರಲ್ಲಿ ದೊಡ್ಡವರಿಗಿಂತ ಹೆಚ್ಚು. ಚೇತರಿಕೆ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಒಂದೇ ಕಣ್ಣು ಕೆಟ್ಟರೆ ಚಿಕ್ಕ ಮಕ್ಕಳು ಹೇಳುವುದೇ ಇಲ್ಲ. ಟಿವಿಗೆ ಹತ್ತಿರ ಕೂರುವುದು, ಬಣ್ಣ ತಪ್ಪು ಹೇಳುವುದು, ಎಡವುವುದು ಕಂಡರೆ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಜೊತೆಗೆ ಮಂಕು, ವಾಂತಿ, ಫಿಟ್ಸ್ ಇದ್ದರೆ ಅದೇ ದಿನ ಆಸ್ಪತ್ರೆಗೆ.

ಗರ್ಭಧಾರಣೆಗೆ ತೊಂದರೆಯೇ?

ಒಮ್ಮೆ ಬಂದುಹೋದ ಆಪ್ಟಿಕ್ ನ್ಯೂರೈಟಿಸ್ ಬಸಿರಿಗೆ ಅಡ್ಡಿಯಲ್ಲ. ಎಂಎಸ್ ಮತ್ತು ಎನ್‌ಎಂಒ ಎರಡರಲ್ಲೂ ಹೆರಿಗೆಯ ನಂತರದ ಕೆಲವು ತಿಂಗಳು ಮರುಕಳಿಸುವ ಅಪಾಯ ಹೆಚ್ಚು. ಮೈಕೊಫಿನೋಲೇಟ್ ಮಗುವಿಗೆ ಹಾನಿಕರ. ಬಸಿರಾಗುವ ಯೋಚನೆ ಇದ್ದರೆ ತಿಂಗಳುಗಳ ಮೊದಲೇ ವೈದ್ಯರಿಗೆ ತಿಳಿಸಿ ಮದ್ದು ಬದಲಾಯಿಸಿಕೊಳ್ಳಬೇಕು.

ನಂದಿಬಟ್ಟಲು ಹೂವು, ಹರಳೆಣ್ಣೆ, ಕಣ್ಣಿನ ವ್ಯಾಯಾಮ ಉಪಯೋಗಕ್ಕೆ ಬರುತ್ತವೆಯೇ?

ಮುಚ್ಚಿದ ರೆಪ್ಪೆಯ ಮೇಲೆ ನಂದಿಬಟ್ಟಲು ಇಟ್ಟುಕೊಂಡರೆ ತಂಪೆನಿಸುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕಣ್ಣುಗುಡ್ಡೆಯ ಹಿಂದಿನ ನರಕ್ಕೆ ಅದು ತಲುಪುವುದಿಲ್ಲ. ಜೇನು, ಎದೆಹಾಲು, ಎಲೆಯ ರಸವನ್ನು ಕಣ್ಣೊಳಗೆ ಬಿಡಬೇಡಿ. ಕಣ್ಣಿನ ಮುಂದಿನ ಪದರವಾದ ಕಾರ್ನಿಯಾಕ್ಕೆ ಹುಣ್ಣಾದರೆ ಎರಡನೆಯ ಸಂಕಟ ಶುರು. ‘ದೃಷ್ಟಿ ತಾಗಿದೆ’ ಎಂದು ನಿವಾಳಿಸುವವರು ನಿವಾಳಿಸಲಿ, ಆದರೆ ಆಸ್ಪತ್ರೆಗೆ ಹೊರಡುವ ಬಸ್ಸು ತಪ್ಪದಿರಲಿ. ಸಿಗರೇಟು, ಬೀಡಿ ಬಿಡುವುದರಿಂದ ನಿಜವಾದ ಲಾಭವಿದೆ.

ಯಾರಾದರೂ ದಾನ ಮಾಡಿದ ಕಣ್ಣು ಹಾಕಿಸಬಹುದೇ?

2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ವರಿಗೆ ಬೆಳಕು ಸಿಕ್ಕಿತು. ಅಲ್ಲಿ ಕಸಿ ಮಾಡಿದ್ದು ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾವನ್ನು. ದೃಷ್ಟಿನರವನ್ನು ಕಸಿ ಮಾಡಿ ನೋಟ ಮರಳಿಸುವ ವಿಧಾನ ಇನ್ನೂ ಇಲ್ಲ. ಸತ್ತ ಎಳೆಗಳನ್ನು ಮತ್ತೆ ಬೆಳೆಸುವ ಮದ್ದೂ ಇಲ್ಲ. ‘ಸ್ಟೆಮ್ ಸೆಲ್’ ಚುಚ್ಚುಮದ್ದಿನ ಜಾಹೀರಾತು ನಂಬಿ ಹೊಲ ಮನೆ ಮಾರಬೇಡಿ.

ಕೆಲಸ, ಗಾಡಿ, ಮೊಬೈಲ್?

ಮೊಬೈಲ್ ನೋಡುವುದರಿಂದ ಈ ಕಾಯಿಲೆ ಬರುವುದೂ ಇಲ್ಲ, ಹೆಚ್ಚುವುದೂ ಇಲ್ಲ. ಕಣ್ಣು ದಣಿಯುತ್ತದೆ, ಅಷ್ಟೆ. ಅಕ್ಷರ ದೊಡ್ಡದು ಮಾಡಿಕೊಳ್ಳಿ. ದೃಷ್ಟಿ ಅಳೆದು ವೈದ್ಯರು ಒಪ್ಪುವ ತನಕ ಗಾಡಿ ಬೇಡ, ಅದರಲ್ಲೂ ರಾತ್ರಿ ದ್ವಿಚಕ್ರ ಬೇಡವೇ ಬೇಡ. ಎತ್ತರದಲ್ಲಿ, ತಿರುಗುವ ಯಂತ್ರದ ಬಳಿ ದುಡಿಯುವವರು ಕೆಲವು ವಾರ ಬೇರೆ ಕೆಲಸ ಕೇಳಿ ಪಡೆಯಬೇಕು. ಎಂಎಸ್ ಖಚಿತವಾದವರಿಗೆ ಒಂದು ವಿಷಯ: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಗಳಲ್ಲಿ ಅದೂ ಇದೆ.

ಮತ್ತೆ ಬಂದರೆ?

ಆ ಪ್ರಯೋಗದಲ್ಲಿ ಹತ್ತು ವರ್ಷಗಳಲ್ಲಿ ಮೂವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿಗೆ ಅದೇ ಕಣ್ಣಿಗೋ ಇನ್ನೊಂದಕ್ಕೋ ಮರುಕಳಿಸಿತು. ಎನ್‌ಎಂಒದಲ್ಲಿ, ಮದ್ದಿಲ್ಲದಿದ್ದರೆ, ಸಾಧ್ಯತೆ ಇನ್ನೂ ಹೆಚ್ಚು. ಹೊಸ ನೋವು, ಬಣ್ಣ ಮಾಸುವುದು, 24 ಗಂಟೆ ದಾಟಿದ ಮಬ್ಬು, ಕಾಲಿನ ಜೋಮು, ಮೂತ್ರ ಕಟ್ಟುವುದು, ಬಿಡದ ಬಿಕ್ಕಳಿಕೆ ಕಂಡರೆ ಮುಂದಿನ ತಾರೀಖಿಗೆ ಕಾಯದೆ ಹೊರಡಿ. ಹೋಗುವಾಗ ಮೊದಲ ಸಲದ ಎಂಆರ್‌ಐ ಸಿಡಿ, ಪ್ರತಿಕಾಯದ ವರದಿ, ಒಸಿಟಿಯ ಕಾಗದ, ಯಾವ ಸ್ಟೀರಾಯ್ಡ್ ಎಷ್ಟು ದಿನ ಎಂದಿರುವ ಡಿಸ್ಚಾರ್ಜ್ ಚೀಟಿ ಒಂದೇ ಫೈಲಿನಲ್ಲಿರಲಿ. ಮೊಬೈಲಿನಲ್ಲೂ ಅವುಗಳ ಫೋಟೊ ಇರಲಿ, ಮನೆಯಲ್ಲಿ ಇನ್ನೊಬ್ಬರಿಗೆ ಆ ಫೈಲ್ ಎಲ್ಲಿದೆ ಎಂದು ಗೊತ್ತಿರಲಿ. ರಾತ್ರಿ ಪಾಳಿಯ ವೈದ್ಯರು ಚಿಕಿತ್ಸೆ ತೀರ್ಮಾನಿಸುವುದು ಬಹುಮಟ್ಟಿಗೆ ಆ ಕಾಗದಗಳನ್ನು ನೋಡಿಯೇ.